ಇಂದಿನ ಧಮ್ಮ ಚಿಂತನೆ: ಪೈಪೋಟಿ ಇರಲಿ, ಅಳತೆ ಒಂದೇ ಇರಲಿ





ಇವತ್ತಿನ ಚಿಂತನೆಯನ್ನು ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ.

ನಾನು ಮನೆಗಳ ಪೈಂಟಿಂಗ್ ಕೆಲಸ ಹಿಡಿದು ಮಾಡಿಸುವವನು. ಮಳೆಗಾಲ ಮುಗಿದು ದೀಪಾವಳಿ ಹತ್ತಿರ ಬಂದರೆ ನಮಗೆ ಸೀಸನ್. ಹೋದ ವರ್ಷ ಬೈಂದೂರು ಕಡೆಯ ಒಂದು ಮನೆಗೆ ನಮ್ಮದೇ ಕೇರಿಯ ಇನ್ನೊಬ್ಬರು ರೇಟು ಹೇಳಿ ಬಂದಿದ್ದರು. "ನಂಗ್ ರೇಟ್ ಇಳ್ಸುಕೆ ಬತ್ತಿಲ್ಯಾ?" ಎಂಬ ಹಟಕ್ಕೆ ಬಿದ್ದೆ. ಚದರಡಿಗೆ 2 ರೂಪಾಯಿ ಕಡಿಮೆ ಹೇಳಿ ಕೆಲಸ ಹಿಡಿದೆ. ಗೆದ್ದೆ ಅನ್ನಿಸಿತು. ಕೂತು ಲೆಕ್ಕ ಹಾಕಿದರೆ ಕೈಯಲ್ಲಿ ಏನೂ ಉಳಿಯುವಂತಿರಲಿಲ್ಲ. ಎರಡು ಸಲ ಹಚ್ಚಬೇಕಾದ ಪುಟ್ಟಿಯನ್ನು ಒಂದೇ ಸಲ ಹಚ್ಚಿಸಿದೆ. ಹೆಲ್ಪರ್ ಹುಡುಗನ ಸಂಬಳದಲ್ಲಿ ದಿನಕ್ಕೆ 100 ರೂಪಾಯಿ ಹಿಡಿದೆ.

ಆ ಹುಡುಗನೂ ನಮ್ಮವನೇ. ಮುಂದಿನ ಭಾನುವಾರ ವಂದನೆಗೆ ಬಂದು ನನ್ನ ಪಕ್ಕದಲ್ಲೇ ಕುಳಿತ. ಪಂಚಶೀಲ ಹೇಳುತ್ತಾ ಎರಡನೆಯ ಶೀಲಕ್ಕೆ ಬಂದೆವು. ಕೊಡದೇ ಇದ್ದುದನ್ನು ತೆಗೆದುಕೊಳ್ಳಬಾರದು ಎನ್ನುವ ಶೀಲ ಅದು. ಅವನು ನನಗೆ ಒಂದು ಮಾತೂ ಅನ್ನಲಿಲ್ಲ. ನನಗೆ ಮಾತ್ರ ಆ ಸಾಲು ಗಂಟಲಿನಿಂದ ಹೊರಡಲಿಲ್ಲ.

ಹಾಗಾದರೆ ಪೈಪೋಟಿಯೇ ತಪ್ಪೇ?

ಬಾಬಾಸಾಹೇಬರು ಹಾಗೆ ಹೇಳಲಿಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತಾ, ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಇವುಗಳನ್ನು ಒಂದರಿಂದ ಒಂದು ಬೇರ್ಪಡಿಸಬಾರದು ಎಂದರು. ಅವರ ಮಾತಿನ ಸಾರ ಇಷ್ಟು: ಸಮಾನತೆ ಇಲ್ಲದ ಸ್ವಾತಂತ್ರ್ಯದಿಂದ ಕೆಲವೇ ಜನ ಬಹುಜನರ ಮೇಲೆ ಯಜಮಾನಿಕೆ ಮಾಡುತ್ತಾರೆ. ಸ್ವಾತಂತ್ರ್ಯ ಇಲ್ಲದ ಸಮಾನತೆ ಮನುಷ್ಯನ ಸ್ವಂತ ಹುರುಪನ್ನು ಕೊಲ್ಲುತ್ತದೆ. ಬಂಧುತ್ವ ಇಲ್ಲದಿದ್ದರೆ ಈ ಎರಡೂ ಸಹಜವಾಗಿ ಬದುಕುವುದಿಲ್ಲ. ಗಮನಿಸಿ, ಹುರುಪು ಸಾಯಬಾರದು ಎಂದೂ ಅವರು ಹೇಳಿದ್ದಾರೆ. ಈ ಮೂರು ತತ್ವಗಳು ತಮಗೆ ಸಿಕ್ಕಿದ್ದು ಫ್ರೆಂಚ್ ಕ್ರಾಂತಿಯಿಂದಲ್ಲ, ಗುರುವಾದ ಬುದ್ಧನಿಂದ ಎಂದು 1954ರ ಆಕಾಶವಾಣಿ ಭಾಷಣದಲ್ಲಿ ತಿಳಿಸಿದರು.

*ಎಲ್ಲ ಸಹಕಾರವೂ ಸಹಕಾರವಲ್ಲ*

"ಹಿಂದೆ ಊರಲ್ಲಿ ಎಲ್ಲ ಜಾತಿಯವರೂ ಎಷ್ಟು ಸಹಕಾರದಿಂದ ಇದ್ದರು" ಎನ್ನುವವರನ್ನು ನಾವು ಕೇಳಿದ್ದೇವೆ. ಕೊರಗ ಬಂಧುಗಳು ಬುಟ್ಟಿ ಹೆಣೆದು ಕೊಟ್ಟರು, ಡೋಲು ಬಡಿದರು. ಆದರೆ ಬೇಡ ಎನ್ನುವ ಹಕ್ಕು ಅವರಿಗಿತ್ತೇ? ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮೊದಲು ಕೋಣಗಳಂತೆ ಓಡಿಸುವುದು ಇವೆಲ್ಲ ಅಜಲು ಪದ್ಧತಿಯ ಹೆಸರಿನಲ್ಲಿ ನಡೆದವು. ಅದನ್ನು ನಿಷೇಧಿಸಲು ಕರ್ನಾಟಕದಲ್ಲಿ 2000ನೇ ಇಸವಿಯ ಕಾಯ್ದೆಯೇ ಬೇಕಾಯಿತು. ಜಾತಿ ಎಂದರೆ ಕೆಲಸದ ವಿಭಜನೆ ಅಲ್ಲ, ಕೆಲಸಗಾರರ ವಿಭಜನೆ ಎಂದು ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಬರೆದರು. ಹುಟ್ಟಿನಿಂದಲೇ ಕೆಲಸ ನಿಗದಿಯಾದರೆ ಅಲ್ಲಿ ಸ್ಪರ್ಧೆಗೂ ಜಾಗವಿಲ್ಲ, ಸಹಕಾರಕ್ಕೂ ಜಾಗವಿಲ್ಲ. ಅದು ಬರೀ ಬಿಟ್ಟಿ ಚಾಕರಿ.

*ಎಲ್ಲ ಪೈಪೋಟಿಯೂ ನ್ಯಾಯವಲ್ಲ*

ನಮ್ಮ ಕಡಲ ತೀರದಲ್ಲಿ ಹಿಂದೆ ರಂಪಣಿ ಇತ್ತು. ದೋಣಿಯಲ್ಲಿ ಉದ್ದದ ಬಲೆ ಬಿಟ್ಟು ಬಂದು, ಹತ್ತಾರು ಜನ ದಡದಲ್ಲಿ ನಿಂತು ಹಗ್ಗ ಎಳೆಯುತ್ತಿದ್ದರು. ಸಿಕ್ಕ ಮೀನಿನಲ್ಲಿ ಪಾಲು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಬೋಟಿನವರು ಸುತ್ತುಗಟ್ಟಿದರು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಒಬ್ಬನ ಕೈಗೆ ಎಂಜಿನ್, ಇನ್ನೊಬ್ಬನ ಕೈಗೆ ಹಗ್ಗ ಕೊಟ್ಟು ಓಡಿ ಎಂದರೆ ಅದು ಸ್ಪರ್ಧೆಯೇ?

ಅದೇ ಕಡಲಿನಲ್ಲಿ ಈಗ ಒಂದು ನಿಯಮವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಗಂಗೊಳ್ಳಿಯ ಬೋಟೂ ನಿಲ್ಲಬೇಕು, ಮಲ್ಪೆಯ ಬೋಟೂ ನಿಲ್ಲಬೇಕು. ಮೀನು ಮರಿ ಹಾಕಿ ಬೆಳೆಯಲಿ ಎಂದು ಈ ರಜೆ. ಆಗಸ್ಟ್‌ನಲ್ಲಿ ಮತ್ತೆ ಪೈಪೋಟಿ ಇದ್ದದ್ದೇ. ಆದರೆ ಎಲ್ಲರೂ ಒಟ್ಟಿಗೆ ಕೈ ಕಟ್ಟಿ ಕೂತದ್ದರಿಂದಲೇ ಪೈಪೋಟಿಗೆ ಮೀನು ಉಳಿಯುತ್ತದೆ.

*ಹಾಲಿನ ಡೈರಿಯ ಪಾಠ*

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಬೆಳಿಗ್ಗೆ ಊರಿನ ಹಾಲಿನ ಸೊಸೈಟಿಗೆ ಹೋಗಿ ನೋಡಿ. ಕ್ಯಾನಿಗೆ ಸುರಿದ ಮೇಲೆ ಯಾರ ಮನೆಯ ಹಾಲು ಯಾವುದು ಎಂದು ಯಾರಿಗೂ ಹೇಳಲು ಬರುವುದಿಲ್ಲ. ನಮ್ಮ ಮನೆಯ ಹಾಲೂ ಅದರಲ್ಲೇ, ನಮ್ಮನ್ನು ಅಂಗಳದಲ್ಲೇ ನಿಲ್ಲಿಸುತ್ತಿದ್ದ ಮನೆಯ ಹಾಲೂ ಅದರಲ್ಲೇ. ಇದು ಸಹಕಾರ. ಆದರೆ ರೇಟು ಅವರವರ ಹಾಲಿನ ಫ್ಯಾಟು ನೋಡಿ. ಚೆನ್ನಾಗಿ ಸಾಕಿದವರಿಗೆ ಹೆಚ್ಚು. ಇದು ಸ್ಪರ್ಧೆ. ಫ್ಯಾಟು ನೋಡುವ ಯಂತ್ರ ಜಾತಿ ಕೇಳುವುದಿಲ್ಲ. ಅದರಿಂದಲೇ ಎರಡೂ ಒಟ್ಟಿಗೆ ನಡೆಯುತ್ತವೆ. ಹಾಗೆಂದು ಎಲ್ಲರ ಹಟ್ಟಿಯಲ್ಲೂ ದನ ಇಲ್ಲ, ಹುಲ್ಲು ಬೆಳೆಯಲು ಎಲ್ಲರಿಗೂ ಜಾಗ ಇಲ್ಲ. ಆ ಹೋರಾಟ ಇನ್ನೂ ಬಾಕಿ ಇದೆ.

*ಬುದ್ಧರ ನಾಲ್ಕು ಮಾತು*

ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಗೃಹಸ್ಥನಾದ ಸಿಗಾಲನಿಗೆ, ಜನರನ್ನು ಒಟ್ಟಿಗೆ ಹಿಡಿದಿಡುವ ನಾಲ್ಕು ಗುಣಗಳನ್ನು ಹೇಳುತ್ತಾರೆ: ದಾನ, ಪ್ರಿಯವಾದ ಮಾತು, ಇನ್ನೊಬ್ಬರಿಗೆ ಒಳ್ಳೆಯದಾಗುವ ನಡತೆ, ಸಮಾನತೆ. ಓಡುವ ರಥಕ್ಕೆ ಕಡೆಗೀಲು ಹೇಗೋ ಲೋಕಕ್ಕೆ ಇವು ಹಾಗೆ ಎನ್ನುತ್ತಾರೆ. ರಥ ಓಡಬಾರದು ಎಂದು ಅವರು ಹೇಳಲಿಲ್ಲ. ಚಕ್ರ ಕಳಚಬಾರದು ಎಂದರು. ಅಂದು ನಾನು ರೇಟು ಇಳಿಸಿದಾಗ ಕಿತ್ತುಹೋದದ್ದು ಈ ಕೀಲು.

ಇನ್ನೊಂದು ಗುಣ ಮುದಿತಾ. ಅಂದರೆ ಇನ್ನೊಬ್ಬರ ಏಳಿಗೆ ಕಂಡು ಸಂತೋಷಪಡುವುದು. ಬೇರೆಯವರು ಗೆದ್ದರೆ ಸುಮ್ಮನಿರುತ್ತೇವೆ, ನಮ್ಮವನೇ ಗೆದ್ದರೆ ನಿದ್ದೆ ಬರುವುದಿಲ್ಲ. ಜಾತಿ ನಮ್ಮ ಒಳಗೆ ಬಿಟ್ಟುಹೋದ ವಿಷ ಇದು. ಒಂದೇ ಬಾವಿಗೆ ಬಿಡದವರ ಮೇಲೆ ಬರಬೇಕಾದ ಸಿಟ್ಟು ಪಕ್ಕದ ಮನೆಯವನ ಹೊಸ ಬೈಕಿನ ಮೇಲೆ ಬರುತ್ತದೆ.

*ಆಮೇಲೆ ಏನಾಯಿತು?*

ಹುಡುಗನಿಗೆ ಹಿಡಿದ ಹಣ ಕೊಟ್ಟೆ. ಆ ಮನೆಯ ಗೋಡೆಗೆ ನನ್ನ ಖರ್ಚಿನಲ್ಲೇ ಇನ್ನೊಂದು ಸಲ ಕೆಲಸ ಮಾಡಿಸಿಕೊಟ್ಟೆ. ಕೇರಿಯ ಆ ಅಣ್ಣನ ಮನೆಗೆ ಹೋಗಿ ತಪ್ಪಾಯಿತು ಎಂದೆ. ಈಗ ನಮ್ಮಿಬ್ಬರ ನಡುವೆ ಎರಡು ಮಾತಿದೆ. ಹೆಲ್ಪರ್ ಸಂಬಳ ಕಡಿಮೆ ಮಾಡಿ ಯಾರೂ ರೇಟು ಇಳಿಸುವಂತಿಲ್ಲ. ಇಬ್ಬರೂ ಸೇರಿ ಮನೆಯವರನ್ನು ಸುಲಿಯುವಂತೆಯೂ ಇಲ್ಲ. ಉಳಿದಂತೆ ಕೆಲಸದ ಅಂದದಲ್ಲಿ, ಹೇಳಿದ ದಿನಕ್ಕೆ ಮುಗಿಸುವುದರಲ್ಲಿ ಪೈಪೋಟಿ ಇದ್ದೇ ಇದೆ. ಹೋದ ತಿಂಗಳು ಒಂದು ಕೆಲಸ ಅವರಿಗೇ ಹೋಯಿತು. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಏಣಿ ಬೇಕು ಎಂದು ಕೇಳಿದಾಗ ನನ್ನದನ್ನೇ ಕೊಟ್ಟೆ.

*ಇಂದಿನ ಅಭ್ಯಾಸ:* ನಿಮ್ಮದೇ ಕೆಲಸ ಮಾಡುವ ಒಬ್ಬರನ್ನು ನೆನೆಯಿರಿ. ಆಟೋ ಇರಲಿ, ಟೈಲರಿಂಗ್ ಇರಲಿ, ಮೀನು ಮಾರಾಟ ಇರಲಿ. ಅವರ ಒಂದು ಒಳ್ಳೆಯ ಗುಣವನ್ನು ಇವತ್ತು ಅವರಿಗೇ ಹೇಳಿ. ನಿಮ್ಮ ಕೈಕೆಳಗೆ ದುಡಿಯುವವರಿಗೆ ಕೊಡಬೇಕಾದ ಬಾಕಿ ಇದ್ದರೆ ಸಂಜೆಯೊಳಗೆ ಕೊಟ್ಟುಬಿಡಿ.

ಭವತು ಸಬ್ಬ ಮಂಗಲಂ. ಜೈ ಭೀಮ್ 🙏