ಸಂಘದ ಹಿರಿಯರ ಮೇಲೆಯೇ ಆರೋಪ ಬಂದಾಗ



ನ್ಯೂಜೆರ್ಸಿಯ ನಿಮ್ಮ ಕನ್ನಡ ಸಂಘದ ಹಿರಿಯರೊಬ್ಬರು ತನ್ನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದರೆಂದು ಯುವತಿಯೊಬ್ಬಳು ನಿಮ್ಮಲ್ಲಿ ಹೇಳಿಕೊಂಡಿದ್ದಾಳೆ. 'ನಮ್ಮನಮ್ಮಲ್ಲೇ ಬಗೆಹರಿಸೋಣ' ಎನ್ನುತ್ತಿದೆ ಸಮಿತಿ. ದಯವಿಟ್ಟು ಒಪ್ಪಬೇಡಿ. ಇದು ರಾಜಿಗೆ ಕೂರಿಸುವ ಜಗಳವಲ್ಲ, ಅಪರಾಧ.

ಮೊದಲು ಅವಳನ್ನು ನಂಬಿ. 'ಅಲ್ಲಿಗೆ ಯಾಕಮ್ಮ ಹೋದೆ' ಎಂದು ಯಾರೂ ಕೇಳದಂತೆ ನೋಡಿಕೊಳ್ಳಿ. ದೂರು ಕೊಡುವ ತೀರ್ಮಾನ ಅವಳದೇ. ದಕ್ಷಿಣ ಏಷ್ಯಾದ ಮಹಿಳೆಯರ ನೆರವಿಗಾಗಿ 1985ರಲ್ಲಿ ನಿಮ್ಮ ರಾಜ್ಯದಲ್ಲೇ ಹುಟ್ಟಿದ 'ಮಾನವಿ' ಸಂಸ್ಥೆಯಿದೆ. ಅವಳು ಬಯಸಿದರೆ ಅಲ್ಲಿ ಮಾತಾಡುವಾಗ ಜೊತೆಗಿರಿ. ಪೊಲೀಸರಿಗೆ ದೂರು ಕೊಡದಿದ್ದರೂ ಆಸ್ಪತ್ರೆಯ ಸಾಕ್ಷ್ಯ ಪರೀಕ್ಷೆಗೆ ಅವಳು ಹಣ ಕೊಡಬೇಕಿಲ್ಲ. ತಡವಾದಷ್ಟೂ ಸಾಕ್ಷ್ಯ ಅಳಿಯುತ್ತದೆ.

ಗಂಡನ ಕೆಲಸಕ್ಕೆ ಅಂಟಿಕೊಂಡ ಎಚ್-4 ವೀಸಾ ಅವಳ ಬಾಯಿ ಕಟ್ಟಿಹಾಕಿದೆ ಎಂದಿದ್ದೀರಿ. ಆ ಭಯ ನನಗೆ ಅರ್ಥವಾಗುತ್ತದೆ. ತನಿಖೆಗೆ ನೆರವಾಗುವ ಸಂತ್ರಸ್ತರಿಗೆಂದೇ ಅಮೆರಿಕ 2000ದಲ್ಲಿ ಯು ವೀಸಾ ತಂದಿತು. ಲೈಂಗಿಕ ದೌರ್ಜನ್ಯವೂ ಅದರ ವ್ಯಾಪ್ತಿಯಲ್ಲಿದೆ. ಆದರೆ ಸಂತ್ರಸ್ತರಿಗೆ ವರ್ಷಕ್ಕೆ 10,000ದ ಮಿತಿಯಿದ್ದು, ವರ್ಷಗಟ್ಟಲೆ ಕಾಯಬೇಕು. ಹಾಗಾಗಿ ವಲಸೆ ವಕೀಲರನ್ನೇ ಕೇಳಿ, ಸಂಘದ ವಾಟ್ಸಾಪ್ ಗುಂಪಿನಲ್ಲಿ ಖಂಡಿತ ಬೇಡ.

ಇನ್ನು ಸಂಘದ ಹೊಣೆ. ಎಷ್ಟೇ ದೇಣಿಗೆ ಕೊಟ್ಟಿರಲಿ, ಆ ಹಿರಿಯರನ್ನು ಕನ್ನಡ ಶಾಲೆ, ಮಕ್ಕಳ ನಾಟಕ, ಎಲ್ಲ ಜವಾಬ್ದಾರಿಯಿಂದಲೂ ಈಗಲೇ ದೂರವಿಡಿ. ರಾಜ್ಯೋತ್ಸವಕ್ಕೆ ಬರದಿರಬೇಕಾದವರು ಅವರು, ಅವಳಲ್ಲ. ಮುಂದೆ ದೂರು ಕೇಳಲು ಸಂಘದ ಹೊರಗಿನವರೊಬ್ಬರು ಇರಲಿ. ಸಮಿತಿ ಮಣಿಯದಿದ್ದರೆ, ನಿಮ್ಮಂತೆ ಯೋಚಿಸುವ ಇನ್ನಿಬ್ಬರನ್ನು ಸೇರಿಸಿಕೊಂಡು ಲಿಖಿತವಾಗಿ ಒತ್ತಾಯಿಸಿ. ಅದಕ್ಕೆ ಮೊದಲು ಅವಳ ಒಪ್ಪಿಗೆ ಪಡೆಯಿರಿ. ಪತ್ರದಲ್ಲಿ ಅವಳ ಹೆಸರು ಮಾತ್ರ ಬರದಿರಲಿ.