ಮುನ್ನೂರು ರೂಪಾಯಿಯ ತಪ್ಪು: ರಜೆಯ ಇಂಟರ್ನ್‌ಶಿಪ್‌ನಲ್ಲಿ ಕಲಿತ ಲೆಕ್ಕಶಾಸ್ತ್ರ

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮೇಲೆ, 2025ರ ಏಪ್ರಿಲ್‌ನಲ್ಲಿ, ನಾನು ಶಿವಮೊಗ್ಗದ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ನಾಲ್ಕು ವಾರ ಇಂಟರ್ನ್‌ಶಿಪ್ ಮಾಡಿದೆ. ಮಹಿಳಾ ಸ್ವಸಹಾಯ ಸಂಘಗಳಿಗೆ ಲೆಕ್ಕ ಬರೆಯಲು ಕಲಿಸುವುದು ಆ ಸಂಸ್ಥೆಯ ಕೆಲಸ. ವಾರಕ್ಕೆ ಎರಡು ದಿನ ಶಿವಮೊಗ್ಗದ ಕಚೇರಿ, ಮೂರು ದಿನ ಭದ್ರಾವತಿಯ ಸಂಘಗಳು. ಹೋಗುವ ಮುಂಚೆ ನನಗೆ ಸ್ವಲ್ಪ ಜಂಬವೇ ಇತ್ತು. ಲೆಕ್ಕಶಾಸ್ತ್ರದಲ್ಲಿ ಒಳ್ಳೆಯ ಅಂಕ ಬಂದಿತ್ತು, ಮನೆಮಾತು ಉರ್ದು ಆದರೂ ಕನ್ನಡ ಚೆನ್ನಾಗಿ ಬರುತ್ತದೆ. ಹಳೆಯ ಪುಸ್ತಕ ನೋಡಿ ಹೊಸ ಪುಸ್ತಕಕ್ಕೆ ಬರೆಯುವುದು ತಾನೇ, ಅದರಲ್ಲಿ ಕಲಿಯುವುದೇನಿದೆ ಎಂದುಕೊಂಡಿದ್ದೆ. ಅಲ್ಲಿ ನಾನು ಒಂದು ತಪ್ಪು ಮಾಡಿದೆ. ಆ ತಪ್ಪಿನಿಂದ ಕಲಿತದ್ದನ್ನು ವಾಣಿಜ್ಯ ವಿಭಾಗದ ಸ್ನೇಹಿತರಿಗೆ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಸಂಘ ಎಂದರೇನು?

ಹತ್ತರಿಂದ ಇಪ್ಪತ್ತು ಮಹಿಳೆಯರು ಸೇರಿ ಪ್ರತಿ ವಾರ ಇಂತಿಷ್ಟು ಎಂದು ಉಳಿತಾಯ ಮಾಡುತ್ತಾರೆ. ಆ ಹಣದಿಂದ ತಮ್ಮಲ್ಲೇ ಒಬ್ಬರಿಗೆ ಸಾಲ ಕೊಡುತ್ತಾರೆ. ಬಡ್ಡಿ ಸಂಘಕ್ಕೇ ಬರುತ್ತದೆ. 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಶುರುಮಾಡಿತು. ನಮ್ಮ ರಾಜ್ಯದಲ್ಲಿ 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಊರೂರಲ್ಲಿ ಸಂಘಗಳಾದವು.

ಸಂಘ ನಡೆಸಲು ಪಂಚಸೂತ್ರ ಎಂಬ ಐದು ನಿಯಮಗಳಿವೆ: ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಗೊಳಗೆ ಸಾಲ, ಹೊತ್ತಿಗೆ ಸರಿಯಾಗಿ ಮರುಪಾವತಿ, ಸರಿಯಾದ ಲೆಕ್ಕಪುಸ್ತಕ. ಐದನೆಯದು ಕೆಟ್ಟರೆ ಮೊದಲಿನ ನಾಲ್ಕೂ ಕೆಡುತ್ತವೆ ಎಂದು ಕಚೇರಿಯ ಸಂಯೋಜಕಿ ಮೇಡಂ ಮೊದಲ ದಿನವೇ ಹೇಳಿದ್ದರು. ನಾನು ಅದನ್ನು ನೋಟ್ಸ್‌ನಲ್ಲಿ ಬರೆದುಕೊಂಡೆ, ಆದರೆ ಅರ್ಥವಾಗಿರಲಿಲ್ಲ.

ಭದ್ರಾವತಿಯ ಆ ಸಭೆ

ಶಿವಮೊಗ್ಗದಿಂದ ನಿದಿಗೆ, ಮಾಚೇನಹಳ್ಳಿ ದಾಟಿ ಬಸ್ಸಿನಲ್ಲಿ ಭದ್ರಾವತಿಗೆ ಹೋಗುತ್ತಿದ್ದೆ. ನನಗೆ ಕೊಟ್ಟ ಸಂಘಗಳಲ್ಲಿ ಒಂದು ಹಳೇನಗರದ ಕಡೆಯದು. ಸದಸ್ಯರು ಹದಿನೈದು ಜನ. ಕೆಲವರ ಮನೆಮಾತು ಕನ್ನಡ, ಕೆಲವರದು ಉರ್ದು, ಇಬ್ಬರದು ತಮಿಳು. ಕಾರ್ಖಾನೆ ಕೆಲಸಕ್ಕೆಂದು ಬೇರೆ ಬೇರೆ ಕಡೆಯಿಂದ ಜನ ಬಂದು ನೆಲೆಸಿದ ಊರು ಅದು.

ಆ ಸಂಘದ ಸಾಲದ ಪುಸ್ತಕ ಹರಿದಿತ್ತು. ಅದನ್ನು ಹೊಸ ಲೆಡ್ಜರ್‌ಗೆ ಇಳಿಸುವುದು ನನ್ನ ಕೆಲಸ. ಒಬ್ಬ ಖಾಲಾ 12,000 ರೂಪಾಯಿ ಸಾಲ ಪಡೆದಿದ್ದರು. (ಅವರ ಹೆಸರು ಬರೆಯುವುದಿಲ್ಲ, ಕಾರಣ ಮುಂದೆ ಹೇಳುತ್ತೇನೆ.) ಹನ್ನೆರಡು ಕಂತು, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಆರು ಕಂತು ಕಟ್ಟಿದ್ದರು. ಮೊದಲ ತಿಂಗಳು 1,240 ಕಟ್ಟಿದವರು ಆಮೇಲೆ ಪ್ರತಿ ತಿಂಗಳು ಇಪ್ಪತ್ತಿಪ್ಪತ್ತು ಕಡಿಮೆ ಕಟ್ಟಿದ್ದು ಕಾಣಿಸಿತು. ಹಿಂದಿನ ದಿನ ನಾನು ಬರೆದ ಬೇರೊಂದು ಸಂಘದಲ್ಲಿ ಎಲ್ಲ ಕಂತೂ ಒಂದೇ ಸಮ ಇತ್ತು. ಇಲ್ಲಿ ಸಾಲ ಪಡೆದಿದ್ದ ಉಳಿದ ಇಬ್ಬರು ಒಂದೊಂದೇ ಕಂತು ಕಟ್ಟಿದ್ದರಿಂದ ಹೋಲಿಸಿ ನೋಡಲೂ ಆಗಲಿಲ್ಲ. ಖಾಲಾ ಕಡಿಮೆ ಕಟ್ಟಿದ್ದಾರೆ ಎಂದು ನಾನೇ ತೀರ್ಮಾನಿಸಿ, ಅವರ ಹೆಸರಿನ ಮುಂದೆ ‘ಸುಸ್ತಿ 300’ ಎಂದು ಕೆಂಪು ಪೆನ್ನಿನಲ್ಲಿ ಬರೆದೆ.

ಆ ದಿನ ಮೇಡಂ ಬೇರೆ ಸಂಘಕ್ಕೆ ಹೋಗಿದ್ದರು. ಸಂಘದ ಪ್ರತಿನಿಧಿ ಅಕ್ಕ ‘ಹೊಸ ಪುಸ್ತಕ ಓದಮ್ಮ, ಎಲ್ಲರೂ ಕೇಳಲಿ’ ಎಂದರು. ನಾನು ದೊಡ್ಡ ದನಿಯಲ್ಲಿ ಓದಿದೆ. ಸುಸ್ತಿ ಎಂದರೆ ಕನ್ನಡದ ಸಾಲದ ಲೆಕ್ಕದಲ್ಲಿ ಹೊತ್ತಿಗೆ ಕಟ್ಟದೆ ಉಳಿದ ಬಾಕಿ. ಉರ್ದುವಿನಲ್ಲಿ ಸುಸ್ತಿ ಎಂದರೆ ಸೋಮಾರಿತನ. ಖಾಲಾಗೆ ಎರಡೂ ಅರ್ಥ ಒಟ್ಟಿಗೆ ಕೇಳಿಸಿರಬೇಕು. ಅವರು ಸೆರಗು ಸರಿ ಮಾಡಿಕೊಂಡು, ‘ನಾನು ಪೂರ್ತಿ ಕಟ್ಟಿದ್ದೀನಿ’ ಎಂದಷ್ಟೇ ಹೇಳಿದರು. ಪುಸ್ತಕ ನನ್ನ ಕೈಯಲ್ಲಿತ್ತು, ಹಾಗಾಗಿ ಎಲ್ಲರೂ ನನ್ನನ್ನೇ ನಂಬಿದರು. ಜೂನ್‌ನಲ್ಲಿ ಮಗಳ ಶಾಲೆಯ ಫೀಸಿಗೆಂದು ಅವರು ಇನ್ನೂ 5,000 ರೂಪಾಯಿ ಕೇಳಿದ್ದರು. ಸುಸ್ತಿ ಇದ್ದವರಿಗೆ ಹೊಸ ಸಾಲವಿಲ್ಲ ಎಂಬುದು ಸಂಘದ ನಿಯಮ. ಅವರ ಅರ್ಜಿ ಮುಂದಕ್ಕೆ ಹೋಯಿತು.

ಸಭೆ ಮುಗಿದು ನಾನು ಚೀಲ ತುಂಬಿಕೊಳ್ಳುವಾಗ ಖಾಲಾ ಹತ್ತಿರ ಬಂದರು. ಅವರಿಗೆ ಓದು ಬರಹ ಬಾರದು. ಬೆರಳು ಮಡಿಸುತ್ತಾ ಉರ್ದುವಿನಲ್ಲಿ ಹೇಳಿದರು: ಹನ್ನೆರಡು ನೂರಾ ನಲವತ್ತು, ಹನ್ನೆರಡು ನೂರಾ ಇಪ್ಪತ್ತು, ಹನ್ನೆರಡು ನೂರು, ಹನ್ನೊಂದು ನೂರಾ ಎಂಬತ್ತು, ಹನ್ನೊಂದು ನೂರಾ ಅರವತ್ತು, ಹನ್ನೊಂದು ನೂರಾ ನಲವತ್ತು. ‘ಅಸಲು ಕಮ್ಮಿ ಆದರೆ ಬಡ್ಡಿಯೂ ಕಮ್ಮಿ ಆಗಬೇಕಲ್ಲವಾ ಬೇಟಿ?’ ಎಂದು ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಬಸ್ಸಿನಲ್ಲಿ ಕುಳಿತು ನೋಟ್‌ಬುಕ್‌ನ ಹಿಂಬದಿ ಲೆಕ್ಕ ಹಾಕಿದೆ. ಮಾಚೇನಹಳ್ಳಿ ಬರುವಷ್ಟರಲ್ಲಿ ತಪ್ಪು ಯಾರದೆಂದು ಗೊತ್ತಾಯಿತು.

ಮೊದಲ ಪಾಠ: ‘ಎರಡು ರೂಪಾಯಿ ಬಡ್ಡಿ’ ಎರಡು ಥರ

ಒಂದೇ ದರದಲ್ಲಿ ಬಡ್ಡಿಯನ್ನು ಎರಡು ರೀತಿ ಲೆಕ್ಕ ಹಾಕಬಹುದು. 12,000 ರೂಪಾಯಿ ಸಾಲ, 12 ತಿಂಗಳು, ತಿಂಗಳಿಗೆ 2% ಬಡ್ಡಿ, ಪ್ರತಿ ತಿಂಗಳು ಅಸಲು 1,000 ತೀರುತ್ತದೆ ಎಂದಿಟ್ಟುಕೊಳ್ಳಿ.

ಫ್ಲಾಟ್ ಬಡ್ಡಿ: ಕೊನೆಯವರೆಗೂ ಮೊದಲ 12,000ದ ಮೇಲೆಯೇ ಬಡ್ಡಿ. ತಿಂಗಳಿಗೆ 240. ಹನ್ನೆರಡು ತಿಂಗಳಿಗೆ 2,880.

ಬಾಕಿ ಅಸಲಿನ ಮೇಲೆ ಬಡ್ಡಿ: ಮೊದಲ ತಿಂಗಳು 240, ಎರಡನೆಯ ತಿಂಗಳು 11,000ದ ಮೇಲೆ 220, ಹೀಗೆ ಇಳಿಯುತ್ತಾ ಕೊನೆಯ ತಿಂಗಳು 20. ಒಟ್ಟು 1,560.

ವ್ಯತ್ಯಾಸ 1,320 ರೂಪಾಯಿ. ಬಾಯಿಮಾತಿನಲ್ಲಿ ಎರಡಕ್ಕೂ ‘ಎರಡು ರೂಪಾಯಿ ಬಡ್ಡಿ’ ಎಂದೇ ಹೇಳುತ್ತಾರೆ. ಖಾಲಾ ಆರು ತಿಂಗಳಲ್ಲಿ ಕಟ್ಟಬೇಕಾದದ್ದು 7,140, ಅಷ್ಟನ್ನೇ ಕಟ್ಟಿದ್ದರು. ನಾನು ಫ್ಲಾಟ್ ಎಂದುಕೊಂಡು 7,440 ಬರಬೇಕಿತ್ತು ಎಂದಿದ್ದೆ. ಮರುದಿನ ಸಂಘದ ನಡವಳಿ ಪುಸ್ತಕ ತೆಗೆಸಿ ನೋಡಿದರೆ, ಬಡ್ಡಿ ಬಾಕಿ ಅಸಲಿನ ಮೇಲೆ ಮಾತ್ರ ಎಂಬ ನಿರ್ಣಯ ಮೊದಲ ಪುಟದಲ್ಲೇ ಇತ್ತು. ಕೆಳಗೆ ಎಲ್ಲರ ಸಹಿ, ಖಾಲಾ ಅವರ ಹೆಬ್ಬೆಟ್ಟು. ಲೆಡ್ಜರ್ ಬರೆಯುವ ಮುಂಚೆ ನಿಯಮ ಓದಬೇಕು. ನಾನು ಓದಿರಲಿಲ್ಲ.

ಎರಡನೆಯ ಪಾಠ: ತಪ್ಪನ್ನು ಅಳಿಸಬಾರದು

ಕಚೇರಿಗೆ ಹೋಗಿ ಮೇಡಂಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ವೈಟ್ನರ್ ಹಚ್ಚಿ ಸರಿ ಮಾಡಲೇ ಎಂದು ಕೇಳಿದಾಗ ಮಾತ್ರ ಅವರ ಮುಖ ಗಟ್ಟಿಯಾಯಿತು. ಲೆಕ್ಕಪುಸ್ತಕದಲ್ಲಿ ಅಳಿಸುವಂತಿಲ್ಲ. ತಪ್ಪು ಅಂಕಿ ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಸಹಿ ಮಾಡಿ ದಿನಾಂಕ ಹಾಕಬೇಕು. ಅಳಿಸಿದ ಪುಸ್ತಕವನ್ನು ಮುಂದೆ ಯಾರೂ ನಂಬುವುದಿಲ್ಲ. ಇದನ್ನು ನಾವು ತರಗತಿಯಲ್ಲೂ ಕೇಳಿದ್ದೇವೆ.

ಮೇಡಂ ಇನ್ನೊಂದು ಮಾತು ಹೇಳಿದರು, ಅದು ತರಗತಿಯಲ್ಲಿ ಕೇಳಿರದ ಮಾತು. ‘ನೀನು ಹದಿನೈದು ಜನರ ಮುಂದೆ ಓದಿದ್ದೀಯ. ಪುಸ್ತಕದಲ್ಲಿ ಸರಿ ಮಾಡಿದರೆ ಸಾಲದು, ಅದೇ ಹದಿನೈದು ಜನರ ಮುಂದೆ ಹೇಳಬೇಕು.’

ಮುಂದಿನ ವಾರದ ಸಭೆಯಲ್ಲಿ ನಾನು ಮೊದಲು ಕನ್ನಡದಲ್ಲಿ, ಆಮೇಲೆ ಉರ್ದುವಿನಲ್ಲಿ ಹೇಳಿದೆ: ಖಾಲಾ ಅವರದು ಒಂದು ರೂಪಾಯಿಯೂ ಬಾಕಿ ಇಲ್ಲ, ಲೆಕ್ಕ ತಪ್ಪು ಹಾಕಿದ್ದು ನಾನು. ಹೇಳುವಾಗ ಕಾಲು ನಡುಗಿತು. ಅವರ ಅರ್ಜಿಯನ್ನು ಅಂದೇ ಒಪ್ಪಿದರು. ಖಾಲಾ ನನ್ನನ್ನು ಹೊಗಳಲಿಲ್ಲ, ತೆಗಳಲೂ ಇಲ್ಲ. ‘ಇನ್ನು ಮುಂದೆ ಬರೆಯುವ ಮುಂಚೆ ಒಂದು ಮಾತು ಕೇಳು’ ಎಂದರು. ಇಡೀ ಇಂಟರ್ನ್‌ಶಿಪ್‌ನಲ್ಲಿ ನಾನು ಕಲಿತದ್ದು ಈ ಒಂದು ವಾಕ್ಯದಲ್ಲಿದೆ.

ಮೂರನೆಯ ಪಾಠ: ಲೆಕ್ಕ ಅಮಾನತ್ತು

ಆ ರಾತ್ರಿ ಮನೆಯಲ್ಲಿ ಅಮ್ಮಿಗೆ ಎಲ್ಲ ಹೇಳುತ್ತಿದ್ದೆ. ಖಾಲಾ ಅವರ ಹೆಸರು ಬಾಯಿಗೆ ಬರುವಷ್ಟರಲ್ಲಿ ಅಮ್ಮಿ ತಡೆದರು. ಭದ್ರಾವತಿಯಲ್ಲಿ ನಮ್ಮ ನೆಂಟರಿದ್ದಾರೆ, ಒಬ್ಬರ ಸಾಲದ ವಿಷಯ ಒಂದು ಮದುವೆ ಮನೆಯಿಂದ ಇನ್ನೊಂದು ಮದುವೆ ಮನೆಗೆ ಹೋಗಲು ಎಷ್ಟು ಹೊತ್ತು ಎಂದರು. ‘ಅದು ಅಮಾನತ್’ ಎಂದರು. ಅಮಾನತ್ ಎಂದರೆ ನಂಬಿ ನಮ್ಮ ಕೈಗೆ ಒಪ್ಪಿಸಿದ ವಸ್ತು. ಕನ್ನಡದಲ್ಲೂ ಅಮಾನತ್ತು ಎಂದರೆ ಠೇವಣಿ ಎಂಬ ಅರ್ಥವಿದೆ. ಜಮಾ, ಖರ್ಚು, ಬಾಕಿ, ಅಸಲು, ವಸೂಲಿ, ರಸೀದಿ, ಜಾಮೀನು: ನಾವು ಕನ್ನಡ ಲೆಕ್ಕದಲ್ಲಿ ಬಳಸುವ ಈ ಪದಗಳೆಲ್ಲ ನಮ್ಮ ಮನೆಯ ಉರ್ದುವಿನಲ್ಲೂ ಇವೆ. ಕನ್ನಡ ಲಿಪಿ ಓದಲು ಬಾರದ ಖಾಲಾಗಳಿಗೆ ಲೆಡ್ಜರ್ ತೋರಿಸಿ ಈ ಪದಗಳನ್ನು ಓದಿದಾಗ, ‘ಇದು ನಮಗೆ ಗೊತ್ತಲ್ಲ!’ ಎಂದು ಅವರೇ ನಗುತ್ತಿದ್ದರು. ಅಂದರೆ ಅವರಿಗೆ ಲೆಕ್ಕ ಬಾರದು ಎಂದಲ್ಲ, ಅಕ್ಷರ ಬಾರದು ಅಷ್ಟೆ. ಇವೆರಡನ್ನೂ ನಾನು ಒಂದೇ ಎಂದುಕೊಂಡಿದ್ದೆ.

ನಾಲ್ಕನೆಯ ಪಾಠ: ಮಾತು ಕೊಡುವ ಮುಂಚೆ ತಿಳಿದುಕೊಳ್ಳಬೇಕು

ಸಂಘದ ಸಾಲದ ಜೊತೆಗೆ ಹಲವರಿಗೆ ಮೈಕ್ರೋಫೈನಾನ್ಸ್ ಕಂಪನಿಗಳ ಸಾಲವೂ ಇತ್ತು. ಏಕೆ ಎಂದು ಕೇಳಿದರೆ ಮಾತು ಕಾರ್ಖಾನೆಗೆ ಹೋಗುತ್ತಿತ್ತು. 1918ರಲ್ಲಿ ಸ್ಥಾಪನೆಯಾಗಿ, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊತ್ತಿರುವ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರ ಹೋರಾಟದ ನಂತರ ಅದೇ ವರ್ಷ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಶುರುವಾಯಿತು. ಕಾಗದ ಕಾರ್ಖಾನೆಯ ಉತ್ಪಾದನೆ ಅದಕ್ಕೂ ಮೊದಲೇ ನಿಂತಿತ್ತು. ಮನೆಯವರ ಗುತ್ತಿಗೆ ಕೆಲಸ ಹೋದ ತಿಂಗಳು ಬಾಡಿಗೆ, ಔಷಧಿ, ಫೀಸು ನಿಲ್ಲುವುದಿಲ್ಲವಲ್ಲ. ಆಗ ಸಾಲ ಬರುತ್ತದೆ, ಆ ಸಾಲದ ಕಂತಿಗೆ ಇನ್ನೊಂದು ಸಾಲ.

ಒಬ್ಬ ಅಕ್ಕ ಮೂರು ಸಾಲದ ಕಾರ್ಡ್ ತೋರಿಸಿದಾಗ ‘ನಮ್ಮ ಸಂಸ್ಥೆ ಏನಾದರೂ ಮಾಡುತ್ತದೆ’ ಎಂದು ಹೇಳಲು ಹೊರಟಿದ್ದೆ. ಮೇಡಂ ಕಣ್ಸನ್ನೆಯಲ್ಲೇ ತಡೆದರು. ಸಂಸ್ಥೆ ಯಾರ ಸಾಲವನ್ನೂ ತೀರಿಸುವುದಿಲ್ಲ. ಇಲ್ಲದ ಆಸೆ ಹುಟ್ಟಿಸುವುದು ಸಹಾಯವಲ್ಲ. ನಾವು ಮಾಡಬಹುದಾದದ್ದು ಕಾರ್ಡ್ ಓದಿ ಹೇಳುವುದು, ನಿಯಮ ತಿಳಿಸುವುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಮೈಕ್ರೋಫೈನಾನ್ಸ್ ನಿಯಮಗಳಲ್ಲಿ ಇವು ಮುಖ್ಯ:

• ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್ ಸಾಲ.
• ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ತಿಂಗಳ ಆದಾಯದ ಅರ್ಧ ದಾಟಬಾರದು.
• ಅವಧಿಗೆ ಮುಂಚೆ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ.
• ಸಾಲದ ಕಾರ್ಡ್ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು.
• ವಸೂಲಿಗೆಂದು ಬೆಳಿಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ.

2025ರ ಫೆಬ್ರುವರಿ 12ರಂದು ರಾಜ್ಯದಲ್ಲಿ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆಯೂ ಬಂತು. ಹತ್ತು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅದರಲ್ಲಿತ್ತು. ಆದರೆ ‘ಸಾಲವೆಲ್ಲ ಮನ್ನಾ ಆಯಿತಂತೆ’ ಎಂದು ಕೆಲವರು ಕೇಳಿದರು. ಹಾಗಿಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಸಂಸ್ಥೆಗಳ ಸಾಲ ಅದರಿಂದ ಮನ್ನಾ ಆಗುವುದಿಲ್ಲ. ಆ ನಿಜ ಹೇಳುವುದು ನನಗೆ ಕಷ್ಟವಾಯಿತು. ಆದರೆ ಮನ್ನಾ ಆಯಿತೆಂದು ನಂಬಿ ಕಂತು ಬಿಟ್ಟರೆ ಕಷ್ಟವಾಗುವುದು ಅವರಿಗೆ.

ಐದನೆಯ ಪಾಠ: ಲಾಭ ಬೇಡದವರಿಗೂ ಲೆಕ್ಕ ಬೇಕು

ಕಚೇರಿಯ ದಿನಗಳಲ್ಲಿ ಸಂಸ್ಥೆಯ ವೋಚರ್‌ಗಳನ್ನು ಜೋಡಿಸುತ್ತಿದ್ದೆ. ಆಟೋ ಬಾಡಿಗೆ, ಟೀ, ಝೆರಾಕ್ಸ್, ಎಲ್ಲಕ್ಕೂ ಚೀಟಿ. ಶಕ್ತಿ ಯೋಜನೆಯ ಉಚಿತ ಟಿಕೆಟ್‌ನಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೋದ ದಿನ ನನ್ನ ಪ್ರಯಾಣ ಖರ್ಚು ಸೊನ್ನೆ, ಖಾಸಗಿ ಬಸ್ಸಿನಲ್ಲಿ ಹೋದ ದಿನ ಟಿಕೆಟ್ ಅಂಟಿಸಬೇಕು. ಅಂಗಡಿಯಲ್ಲಿ ಲೆಕ್ಕ ತಪ್ಪಿದರೆ ಮಾಲೀಕನ ಹಣ ಹೋಗುತ್ತದೆ. ಇಲ್ಲಿರುವುದು ದಾನಿಗಳು ಒಂದು ಕೆಲಸಕ್ಕೆಂದು ನಂಬಿ ಕೊಟ್ಟ ಹಣ. ವರ್ಷದ ಕೊನೆಯಲ್ಲಿ ಉಳಿದದ್ದಕ್ಕೂ ಲಾಭ ಎನ್ನುವುದಿಲ್ಲ, ಹೆಚ್ಚುವರಿ ಎನ್ನುತ್ತಾರೆ. ಅದು ಯಾರ ಜೇಬಿಗೂ ಹೋಗದೆ ಸಂಸ್ಥೆಯ ಕೆಲಸಕ್ಕೇ ಹೋಗುತ್ತದೆ. ಇದೂ ಅಮಾನತ್ತೇ.

ಮುಂದಿನ ವರ್ಷ ಹೋಗುವವರಿಗೆ

ನಮ್ಮ ಕಾಲೇಜಿನಿಂದ ಮುಂದಿನ ರಜೆಯಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಹೋಗುವುದಾದರೆ ನನ್ನದು ಮೂರೇ ಸಲಹೆ. ಅಂಕಿ ಬರೆಯುವ ಮುಂಚೆ ಸಂಘದ ನಿಯಮ ಓದಿ. ಯಾರ ಹೆಸರಿನ ಮುಂದೆಯಾದರೂ ಬಾಕಿ ಬರೆಯುವ ಮುಂಚೆ ಅವರನ್ನೇ ಕೇಳಿ. ಅಲ್ಲಿ ಕಂಡ ಹೆಸರುಗಳನ್ನು ಅಲ್ಲೇ ಬಿಟ್ಟು ಬನ್ನಿ.

ಒಂದು ಅಭ್ಯಾಸವನ್ನೂ ಕೊಡುತ್ತೇನೆ: 6,000 ರೂಪಾಯಿ ಸಾಲ, ಆರು ಕಂತು, ತಿಂಗಳಿಗೆ 2% ಬಡ್ಡಿ. ಎರಡೂ ರೀತಿಯಲ್ಲಿ ಲೆಕ್ಕ ಹಾಕಿ. ಫ್ಲಾಟ್ ಆದರೆ ಬಡ್ಡಿ 720, ಬಾಕಿ ಅಸಲಿನ ಮೇಲೆ ಆದರೆ 420 ಬರಬೇಕು. ಬಂದ ಮೇಲೆ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇರುವ ಒಂದು ಸಾಲದ ಕಾರ್ಡನ್ನು, ಅವರು ಒಪ್ಪಿದರೆ, ಓದಿ ಹೇಳಿ. ಇಲ್ಲಿಯೂ ವ್ಯತ್ಯಾಸ ಮುನ್ನೂರು ರೂಪಾಯಿಯೇ. ನನಗೆ ಅದು ಕೆಂಪು ಪೆನ್ನಿನ ಒಂದು ಸಾಲಾಗಿತ್ತು, ಖಾಲಾಗೆ ಅದು ಮಗಳ ಫೀಸಾಗಿತ್ತು.