ಆರ್ಡರ್ ಇಳಿದಾಗ ಪೀಣ್ಯದ ಶೆಡ್ ಕಲಿಸಿದ ಪಾಠಗಳು

ವಾಹನಗಳ ಬಿಡಿಭಾಗ ಮಾಡಿಕೊಡುವ ಸಣ್ಣ ಮೆಷಿನ್ ಶಾಪ್ ನನ್ನದು, ಬೆಂಗಳೂರಿನ ಪೀಣ್ಯದಲ್ಲಿದೆ. ಇಲ್ಲಿದ್ದು ಎರಡು ಹಿಂಜರಿತ ಕಂಡಿದ್ದೇನೆ. ಒಂದು, 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೀಮನ್ ಬ್ರದರ್ಸ್ ದಿವಾಳಿಯಾದ ಮೇಲೆ ಬಂದದ್ದು. ಇನ್ನೊಂದು, 2019ರಲ್ಲಿ ನಮ್ಮ ದೇಶದಲ್ಲೇ ವಾಹನ ಮಾರಾಟ ಕುಸಿದಾಗಿನದು. ಮೊದಲ ಸಲ ಹಗಲು ರಾತ್ರಿ ದುಡಿದು ಸಾಲ ಮಾಡಿಕೊಂಡೆ. ಎರಡನೆಯ ಸಲ ಅಷ್ಟು ದುಡಿಯಲಿಲ್ಲ, ಆದರೂ ಶೆಡ್ ಉಳಿಯಿತು. ಎರಡರ ನಡುವೆ ಕಲಿತದ್ದನ್ನು, ಈಗಷ್ಟೇ ಶೆಡ್ ಹಾಕಿರುವವರಿಗಾಗಿ ಬರೆಯುತ್ತಿದ್ದೇನೆ.

1. ಮೆಷಿನ್ ಓಡಿತೆಂದರೆ ದುಡಿಮೆ ಆಯಿತೆಂದಲ್ಲ.

ಮೊದಲ ಸಲ ಆರ್ಡರ್ ನಿಂತಾಗ ಲೇತ್‌ಗಳು ಸುಮ್ಮನೆ ನಿಂತಿರುವುದನ್ನು ನೋಡಲು ನನ್ನಿಂದಾಗಲಿಲ್ಲ. ಇವತ್ತಲ್ಲ ನಾಳೆ ಬೇಕಾಗುತ್ತದೆಂದು ಪಾರ್ಟಿ ಕೇಳದ ಬುಶ್‌ಗಳನ್ನು ಮಾಡಿಸಿ ಪೇರಿಸಿದೆ. ಕೈಯಲ್ಲಿದ್ದ ದುಡ್ಡೆಲ್ಲ ಸ್ಟೀಲಿಗೆ, ಕರೆಂಟಿಗೆ, ಓವರ್‌ಟೈಮಿಗೆ (ಓಟಿ) ಹೋಯಿತು. ಬೇಡಿಕೆ ಮರಳುವ ಹೊತ್ತಿಗೆ ಡ್ರಾಯಿಂಗ್ ಬದಲಾಗಿತ್ತು. ಪೇರಿಸಿದ್ದರಲ್ಲಿ ಬಹುಪಾಲು ಗುಜರಿಗೆ ಹಾಕಬೇಕಾಯಿತು. ಕಷ್ಟಕಾಲದಲ್ಲಿ ಸಂಬಳ ಕೊಡುವುದು, ಕಂತು ಕಟ್ಟುವುದು ಎಲ್ಲಕ್ಕೂ ನಗದೇ ಬೇಕು, ಪೇರಿಸಿಟ್ಟ ಸರಕು ಒದಗುವುದಿಲ್ಲ.

2. ಖರ್ಚನ್ನು ಎರಡು ಪಟ್ಟಿ ಮಾಡಿ ಬರೆಯಿರಿ.

ಪಕ್ಕದವರು ರೇಟು ಇಳಿಸಿದರೆಂದು ನಾನೂ ಇಳಿಸಿದೆ, ಲೆಕ್ಕ ಹಾಕಲಿಲ್ಲ. ಬಾಡಿಗೆ, ಸಾಲದ ಕಂತು, ಸಂಬಳ, ವಿದ್ಯುತ್ ಬಿಲ್ಲಿನ ನಿಗದಿತ ಶುಲ್ಕ, ಇವು ಮೆಷಿನ್ ಓಡಲಿ ಬಿಡಲಿ ಕಟ್ಟಲೇಬೇಕಾದವು. ಉರಿಸಿದ ಯೂನಿಟ್, ಇನ್ಸರ್ಟ್, ಕೂಲಂಟ್, ಓಟಿ, ಸಾಗಣೆ, ಇವು ಓಡಿಸಿದರೆ ಮಾತ್ರ ಬರುವಂಥವು. ಸಿಗುವ ರೇಟು ಎರಡನೆಯ ಪಟ್ಟಿಗಿಂತ ಮೇಲಿದ್ದರೆ ಸ್ವಲ್ಪ ಕಾಲಕ್ಕೆ ಒಪ್ಪಬಹುದು, ಉಳಿದದ್ದು ಬಾಡಿಗೆಗಾದರೂ ಆದೀತು. ಅದಕ್ಕೂ ಕೆಳಗಿದ್ದರೆ ಪ್ರತಿ ಪೀಸಿಗೂ ನಾವೇ ಕೈಯಿಂದ ಹಾಕಿದಂತೆ. ನಾನು ರಾತ್ರಿ ಪಾಳಿ ನಡೆಸಿ ಹಾಗೆ ಕೈಯಿಂದ ಹಾಕುತ್ತಿದ್ದೆ. ಇಳಿಸಿದ ರೇಟು ಎಲ್ಲಿಯವರೆಗೆ ಎಂದು ಬರವಣಿಗೆಯಲ್ಲಿ ಇಡದಿದ್ದುದು ಇನ್ನೊಂದು ತಪ್ಪು. ಒಳ್ಳೆಯ ಕಾಲ ಬಂದ ಮೇಲೂ ಅದನ್ನು ಏರಿಸಿಕೊಳ್ಳಲು ಬಹಳ ಹೆಣಗಿದೆ.

3. ಆರ್ಡರ್ ಚಿಕ್ಕದಾದಷ್ಟೂ ಸೆಟ್ಟಿಂಗ್ ದುಬಾರಿ.

ಸಾವಿರಗಟ್ಟಲೆ ಪೀಸ್ ಕೊಡುತ್ತಿದ್ದವರು ಐವತ್ತು, ನೂರು ಕೊಡತೊಡಗಿದರು. ಒಂದು ಕೆಲಸ ಇಳಿಸಿ ಇನ್ನೊಂದಕ್ಕೆ ಮೆಷಿನ್ ಸಿದ್ಧವಾಗುವಷ್ಟರಲ್ಲಿ ಅರ್ಧ ಶಿಫ್ಟ್ ಕಳೆಯುತ್ತಿತ್ತು. ಬೇಗ ಬೇಗ ಎಂದು ಹುಡುಗರ ಬೆನ್ನು ಹತ್ತಿದೆ. ಒಮ್ಮೆ ಪಕ್ಕದಲ್ಲೇ ನಿಂತು ನೋಡಿದಾಗ ತಿಳಿಯಿತು, ಅವರ ಕೈ ನಿಧಾನವಲ್ಲ. ಚಕ್ಕಿನ ಜಾ ಎಲ್ಲಿದೆ, ಗೇಜ್ ಯಾರು ಒಯ್ದರು, ಹೊಸ ಪ್ರೋಗ್ರಾಂ ಯಾವುದು ಎಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತಿತ್ತು. ಹಿರಿಯ ಸೆಟ್ಟರ್ ಹೇಳಿದ್ದು ಇಷ್ಟೇ: "ಸಾರ್, ಮುಂದಿನ ಕೆಲಸ ಯಾವುದು ಅಂತ ಸ್ವಲ್ಪ ಮೊದಲೇ ಹೇಳಿ." ನಾನೇ ಕೊನೆಯ ಗಳಿಗೆಯಲ್ಲಿ ಹೇಳುತ್ತಿದ್ದೆ.

ಇದಕ್ಕೆ ದಾರಿ ತೋರಿಸಿದವರು ಜಪಾನಿನ ಶಿಗೆಯೊ ಶಿಂಗೊ. 1969ರಲ್ಲಿ ಟೊಯೋಟಾದ ಸಾವಿರ ಟನ್ ಪ್ರೆಸ್ಸಿನಲ್ಲಿ ಡೈ ಬದಲಿಸಲು 4 ಗಂಟೆ ಹಿಡಿಯುತ್ತಿತ್ತು. ಅವರ ವಿಧಾನದಿಂದ ಅದು ಒಂದೂವರೆ ಗಂಟೆಗೆ, ಕೊನೆಗೆ 3 ನಿಮಿಷಕ್ಕೆ ಇಳಿಯಿತು. ಮೆಷಿನ್ ನಿಂತಾಗಲೇ ಮಾಡಬೇಕಾದದ್ದು ಯಾವುದು, ಓಡುತ್ತಿರುವಾಗಲೇ ಮಾಡಿಡಬಹುದಾದದ್ದು ಯಾವುದು ಎಂದು ಬೇರ್ಪಡಿಸುವುದೇ ಅದರ ಬುಡ. ನಾವು ಪ್ರತಿ ಕೆಲಸದ ಜಾ, ಟೂಲ್, ಗೇಜ್, ಡ್ರಾಯಿಂಗ್‌ಗಳನ್ನು ಒಂದೇ ಟ್ರಾಲಿಯಲ್ಲಿ ಮೊದಲೇ ಜೋಡಿಸತೊಡಗಿದೆವು. ಹೊಸ ಮೆಷಿನ್ ಕೊಳ್ಳಲಿಲ್ಲ. ಟೊಯೋಟಾದ ಮಟ್ಟ ನಮಗೆ ಈಗಲೂ ದೂರವೇ. ಆದರೂ ಸಣ್ಣ ಆರ್ಡರ್ ಬಂದರೆ ಮುಖ ಸಿಂಡರಿಸುವುದು ನಿಂತಿತು, ಬೇರೆ ಬೇರೆ ಉದ್ದಿಮೆಗಳ ಸಣ್ಣ ಕೆಲಸಗಳನ್ನು ಹಿಡಿಯಲು ಧೈರ್ಯ ಬಂತು. 2019ರಲ್ಲಿ ನಮ್ಮನ್ನು ಕಾಯ್ದದ್ದು ಅವೇ.

4. ಬಿಲ್ ವಸೂಲಿಗೂ ಸಮಯ ಮೀಸಲಿಡಿ.

ಮಾಲು ಕಳಿಸಿ ದುಡ್ಡಿಗಾಗಿ ಕಾಯುತ್ತಾ, ಆ ಮಧ್ಯೆ ಬಡ್ಡಿಗೆ ಸಾಲ ತಂದು ಸಂಬಳ ಕೊಟ್ಟೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ದಿಮೆಗಳಿಗೆ ಗರಿಷ್ಠ 45 ದಿನದಲ್ಲಿ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆಗ ನಾನದನ್ನು ಓದಿಯೇ ಇರಲಿಲ್ಲ. ಪಾರ್ಟಿ ಕೈಬಿಟ್ಟಾರೆಂಬ ಭಯಕ್ಕೆ ಕಾನೂನಿನವರೆಗೆ ಹೋಗಲು ಎಲ್ಲರಿಗೂ ಆಗದು, ಅದು ನನಗೂ ಗೊತ್ತು. ಆದರೆ ಉದ್ಯಮ್ ನೋಂದಣಿ ಮಾಡಿಸಿ, ಆ ಸಂಖ್ಯೆಯನ್ನು ಬಿಲ್ಲಿನ ಮೇಲೆ ಹಾಕಿ, ಗಡುವಿಗೆ ಮೊದಲೇ ಫೋನ್ ಮಾಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಪಾರ್ಟಿ ಟ್ರೆಡ್ಸ್ ಎಂಬ ಆನ್‌ಲೈನ್ ಬಿಲ್ ಡಿಸ್ಕೌಂಟ್ ವ್ಯವಸ್ಥೆಯಲ್ಲಿದ್ದರೆ, ಅವರು ಒಪ್ಪಿದ ಬಿಲ್ಲಿಗೆ ಬ್ಯಾಂಕಿನಿಂದ ಮುಂಚಿತವಾಗಿಯೇ ಹಣ ಪಡೆಯಬಹುದು.

5. ಕೆಲಸ ಬಲ್ಲವರನ್ನು ಮೊದಲು ಕಳಿಸಬೇಡಿ.

2009ರಲ್ಲಿ ಹೆಚ್ಚು ಸಂಬಳದವರೆಂದು ಒಬ್ಬ ನುರಿತ ಸೆಟ್ಟರನ್ನು ಬಿಡಿಸಿದೆ. ಆ ತಿಂಗಳ ಲೆಕ್ಕ ಹಗುರವಾಯಿತು. ಆರ್ಡರ್ ಮರಳಿದಾಗ ಅವರು ಬೇರೆಡೆ ಸೇರಿದ್ದರು. ನನ್ನಲ್ಲಿ ರಿಜೆಕ್ಷನ್ ಏರಿತು. ಅವರ ಮನೆಗೆ ಆದ ಕಷ್ಟ ನನ್ನ ನಷ್ಟಕ್ಕಿಂತ ದೊಡ್ಡದು. 2019ರಲ್ಲಿ ಓಟಿ ನಿಲ್ಲಿಸಿ, ನನ್ನ ಪಾಲಿನ ಹಣ ತೆಗೆಯುವುದನ್ನು ನಿಲ್ಲಿಸಿ, ಎಲ್ಲರ ಮುಂದೆ ಲೆಕ್ಕ ಇಟ್ಟೆ. ಬಿಡುವಿನ ಹೊತ್ತಿನಲ್ಲಿ ಸೆಟ್ಟರ್‌ಗಳು ಆಪರೇಟರ್‌ಗಳಿಗೆ ಸೆಟ್ಟಿಂಗ್ ಕಲಿಸಿದರು. ಆರ್ಡರ್ ತುಂಬಿದ ದಿನಗಳಲ್ಲಿ ಇದಕ್ಕೆ ಪುರುಸೊತ್ತೇ ಸಿಗುತ್ತಿರಲಿಲ್ಲ.

ನಿಮ್ಮ ಶೆಡ್‌ನಲ್ಲೂ ಈಗ ಕೆಲಸ ಕಡಿಮೆಯಿದ್ದರೆ, ಪಾಳಿ ಹೆಚ್ಚಿಸುವ ಮೊದಲು ಒಂದು ಸೆಟ್ಟಿಂಗನ್ನು ಮೊದಲಿನಿಂದ ಕೊನೆಯವರೆಗೆ ನಿಂತು ನೋಡಿ. ಆಮೇಲೆ ಏನು ಬದಲಾಗಬೇಕೆಂದು ಮಾಡಿದವರನ್ನೇ ಕೇಳಿ, ಅವರು ಹೇಳಿದ್ದರಲ್ಲಿ ಒಂದನ್ನಾದರೂ ಅದೇ ವಾರ ಮಾಡಿ.